ಕೆಂಪು ಉಣ್ಣೆಯ ಗಂಟು

ನನ್ನ ಹೊಲಿಗೆ ಕಾಣುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಹೊಲಿಸಿಕೊಂಡವರು ಹೇಳಿದ ಮಾತು. ನಮ್ಮವರು ಶೆಫೀಲ್ಡಿನಲ್ಲಿ ಜಿಪಿ ಡಾಕ್ಟರಾಗಿದ್ದಾಗ ಕ್ಲಿನಿಕ್ಕಿನ ರಿಸೆಪ್ಷನ್ ಮೇಜಿನ ಹಿಂದೆ ಕೂತು ಮುದುಕರ ಕೋಟಿನ ಜೇಬು, ನರ್ಸುಗಳ ಸಮವಸ್ತ್ರ, ಯಾರೋ ಮಗುವಿನ ಗೊಂಬೆಯ ಕಿವಿ, ಎಲ್ಲವನ್ನೂ ಹೊಲಿದುಕೊಟ್ಟಿದ್ದೇನೆ. ಹರಿದದ್ದು ಎಲ್ಲಿ ಎಂದು ಅವರೇ ಹುಡುಕಿ ಸೋಲುತ್ತಿದ್ದರು. ಈ ಮಾರ್ಚ್ ತಿಂಗಳವರೆಗೂ ನನಗೆ ಅದು ಸಂತೋಷದ ಸಂಗತಿಯಾಗಿತ್ತು.

ಮೇಧಾ ನನ್ನ ಮೊಮ್ಮಗಳು. ಅವಳ ಅಪ್ಪ ಅಮ್ಮ ಬರ್ಮಿಂಗ್‌ಹ್ಯಾಮಿನಲ್ಲಿ. ವಿಶ್ವವಿದ್ಯಾಲಯ ಹತ್ತಿರವೆಂದು ಅವಳು ಶೆಫೀಲ್ಡಿನ ಬ್ರೂಮ್‌ಹಿಲ್‌ನ ನನ್ನ ಮನೆಯಲ್ಲಿದ್ದು ಓದುತ್ತಾಳೆ. ಹೋದ ಸೆಪ್ಟೆಂಬರಿನಲ್ಲಿ ಒಂದು ದಿನ, ನನ್ನ ಎತ್ತರದ ಮುಕ್ಕಾಲು ಪಾಲು ಉದ್ದದ ಚೀಲವೊಂದನ್ನು ಹೊತ್ತು ಒಳಗೆ ಬಂದಳು.

"ಏನೇ ಇದು, ತಂಬೂರಿನಾ?"

"ಕತ್ತಿ ಅಜ್ಜಿ. ರೇಪಿಯರ್. ಸ್ಪ್ಯಾನಿಷ್ ಸ್ಟೈಲು."

ನನ್ನ ಮುಖ ನೋಡಿ ನಕ್ಕಳು. "ಹೆದರ್ಕೋಬೇಡ. ತುದೀಲಿ ರಬ್ಬರ್ ಇದೆ. ಆಮೇಲೆ ಇದು ಹೊಡೆದಾಟ ಅಲ್ಲ, ಜಾಮೆಟ್ರಿ. ನಿನ್ನ ಸಬ್ಜೆಕ್ಟು. ಒಂದ್ಸಲ ಬಂದು ನೋಡು."

ಹೋದೆ. ನಮ್ಮ ರಸ್ತೆಯ ಕೊನೆಯಲ್ಲಿರುವ ಚರ್ಚಿನ ಸಭಾಂಗಣ. ಅಲ್ಲಿ ಕಲಿಸುವವನು ಕೀತ್, ಎಪ್ಪತ್ತರ ಹತ್ತಿರದವನು, ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಅವನ ಅಪ್ಪ, ಅಜ್ಜ ಇಬ್ಬರೂ ಇದೇ ಊರಿನಲ್ಲಿ ಚಾಕು ಸಾಣೆ ಹಿಡಿಯುತ್ತಿದ್ದರಂತೆ. ನಾನು ಬಾಗಿಲಲ್ಲಿ ನಿಂತದ್ದನ್ನು ನೋಡಿದವನೇ ಕೋಣೆ ಬೆಚ್ಚಗಿಡುವ ರೇಡಿಯೇಟರ್ ಪಕ್ಕಕ್ಕೆ ಒಂದು ಕುರ್ಚಿ ಎಳೆದು, ಅದರ ಮೇಲೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ. ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಆ ಕುರ್ಚಿ, ಆ ಕಂಬಳಿ ನನಗಾಗಿ ಕಾದಿರುತ್ತಿದ್ದವು.

ಕೀತ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಬರೆಯುತ್ತಿದ್ದ. ಒಂದು ವ್ಯಾಸ, ಅದಕ್ಕೆ ಅಡ್ಡಲಾಗಿ ಇನ್ನೊಂದು, ಸುತ್ತಲೂ ಜ್ಯಾಗಳು. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ನಾನು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರವೇ ಅದು. ಅದರ ಎರಡು ತುದಿಗಳಲ್ಲಿ ಇಬ್ಬರು ಕತ್ತಿ ಹಿಡಿದು ನಿಲ್ಲುತ್ತಿದ್ದರು ಎಂಬುದಷ್ಟೇ ವ್ಯತ್ಯಾಸ.

"ಇದು ಯುದ್ಧಭೂಮಿಯ ಕತ್ತಿಯಲ್ಲ ಸೀತಾ," ಎಂದು ಕೀತ್ ಮೊದಲ ದಿನವೇ ನನಗೆ ವಿವರಿಸಿದ. "ಉಡುಪಿನ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಗೆ ಹೋಗುವ ಕತ್ತಿ. ಓಣಿಯಲ್ಲಿ ಯಾರು ಪಕ್ಕಕ್ಕೆ ಸರಿಯಬೇಕು ಎಂಬುದಕ್ಕೇ ಜನ ಸಾಯುತ್ತಿದ್ದರು. ಆಗಿನ ಗುರುಗಳು ಒಬ್ಬೊಬ್ಬರೂ ಒಂದೊಂದು ಗುಟ್ಟಿನ ಪಟ್ಟು ಹೇಳಿಕೊಡುತ್ತಿದ್ದರು. ಕಾಸು ಕೊಟ್ಟವನಿಗೆ ಪಟ್ಟು. ಸುಮಾರು ನಾಲ್ಕೂವರೆ ಶತಮಾನದ ಹಿಂದೆ ಸ್ಪೇನಿನ ದಕ್ಷಿಣದಲ್ಲಿ ಒಬ್ಬ ಎದ್ದ. ಸೈನಿಕನೂ ಹೌದು, ಓದಿದವನೂ ಹೌದು. ಪಟ್ಟುಗಳನ್ನೆಲ್ಲ ಆಚೆಗಿಡಿ, ಇದಕ್ಕೊಂದು ಶಾಸ್ತ್ರವಿದೆ, ಕಾರಣ ಗೊತ್ತಿಲ್ಲದೆ ಕತ್ತಿ ಎತ್ತುವವನು ಬರೀ ಅದೃಷ್ಟವಂತ ಎಂದ."

"ಕಾರಣ ಗೊತ್ತಿದ್ದವನು?"

"ಅವನು ಯಾರನ್ನೂ ಕೊಲ್ಲಬೇಕಾಗಿಲ್ಲ. ಸಾಯಬೇಕಾಗಿಯೂ ಇಲ್ಲ. ಅದು ಆತನ ಆಸೆ."

ಉಳಿದದ್ದನ್ನು ನೋಡುತ್ತ ಕಲಿತೆ. ಈ ಕಲೆಯಲ್ಲಿ ಯಾರೂ ಬಗ್ಗಿ ಕುಕ್ಕರಿಸುವುದಿಲ್ಲ. ದೇವಸ್ಥಾನದ ಸಾಲಿನಲ್ಲಿ ನಿಂತ ಹಾಗೆ ನೆಟ್ಟಗೆ ನಿಲ್ಲುತ್ತಾರೆ. ಕತ್ತಿಯ ತೋಳು ಭುಜದಿಂದ ನೇರಕ್ಕೆ, ದೇಹಕ್ಕೆ ಲಂಬಕೋನದಲ್ಲಿ. ಭುಜದ ಮಟ್ಟದಲ್ಲಿ ಚಾಚಿದ ತೋಳೇ ಅತಿ ದೂರ ಮುಟ್ಟುತ್ತದೆ, ಇದನ್ನು ಯಾವ ಹೈಸ್ಕೂಲು ಮಗುವೂ ಸಾಧಿಸಿ ತೋರಿಸಬಹುದು. ಎದುರಾಳಿ ಹೆಜ್ಜೆ ಇಡದೆ ನಿಮ್ಮನ್ನು ಮುಟ್ಟಲಾಗದಷ್ಟು ದೂರದಲ್ಲಿ ಮೊದಲು ನಿಲ್ಲಬೇಕು. ವ್ಯಾಸದ ಗೆರೆಯ ಮೇಲೆ ನುಗ್ಗಿದರೆ ಅವನ ಮೊನೆಯ ಮೇಲೆ ನೀವೇ ಹೋಗಿ ಬೀಳುತ್ತೀರಿ. ಆದ್ದರಿಂದ ವೃತ್ತದ ಅಂಚಿನಲ್ಲಿ ಪಕ್ಕಕ್ಕೆ ನಡೆಯುತ್ತ, ನಿಮ್ಮ ಕತ್ತಿಯ ಗಟ್ಟಿ ಭಾಗವನ್ನು ಅವನ ಕತ್ತಿಯ ದುರ್ಬಲ ಭಾಗದ ಮೇಲೆ ಮೆಲ್ಲಗೆ ಇಡಬೇಕು. ಇಟ್ಟು, ಉಕ್ಕಿನ ಮೂಲಕ ಅವನ ಮನಸ್ಸನ್ನು ಬೆರಳಿನಲ್ಲಿ ಕೇಳಿಸಿಕೊಳ್ಳಬೇಕು.

"ನೇರ ತೋಳಿಗೆ ಒಂದೇ ತೊಂದರೆ," ಎಂದಿದ್ದ ಕೀತ್, ಮೇಧಾಳ ಚಾಚಿದ ತೋಳಿನ ಕೆಳಗೆ ತನ್ನ ಬೆರಳಿನಿಂದ ತೋರಿಸುತ್ತ. "ಕಂಕುಳು. ಅಲ್ಲಿ ಮೂಳೆಯ ಕಾವಲಿಲ್ಲ. ಅಲ್ಲಿಂದ ಶ್ವಾಸಕೋಶಕ್ಕೆ ಏನೂ ದೂರವಿಲ್ಲ."

ಪಾಠ ಶುರುವಾಗುವ ಮೊದಲು ಪ್ರತಿ ವಾರವೂ ಅವನು ಒಂದು ಮಾತು ಹೇಳುತ್ತಿದ್ದ. ಈ ಕೋಣೆಯಲ್ಲಿ ಯಾರು 'ಹಾಲ್ಟ್' ಎಂದರೂ ಕತ್ತಿ ಕೆಳಗಿಳಿಯಬೇಕು. ಗುರು ಅಂದರೂ ಸರಿ, ಟೀ ಮಾಡುವವರು ಅಂದರೂ ಸರಿ. ಯಾಕೆ ಅಂದಿರಿ ಎಂದು ಯಾರೂ ಬೇಸರಿಸಬಾರದು, ನಗಬಾರದು. ಪಾಠ ಮುಗಿದ ಮೇಲೆ ಅವನೇ ಮಂಡಿಯೂರಿ ಸೀಮೆಸುಣ್ಣವನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ಸೋಮವಾರ ಬೆಳಿಗ್ಗೆ ಅದೇ ನೆಲದ ಮೇಲೆ ಪುಟ್ಟ ಮಕ್ಕಳು ಅಂಬೆಗಾಲಿಡಲು ಬರುತ್ತಿದ್ದವು.

ಫೆಬ್ರವರಿಯ ಕೊನೆಯಲ್ಲಿ ಕೀತನಿಗೆ ಮಂಡಿಯ ಆಪರೇಷನ್ ಆಯಿತು. ಎರಡು ವಾರ ಅವನು ಬರಲಿಲ್ಲ. ಆಗಲೇ ಮೇಧಾ ಕ್ಲಬ್ಬಿನ ಬೀರುವಿನಿಂದ ದೊಡ್ಡದೊಂದು, ಚಿಕ್ಕದೊಂದು, ಎರಡು ಚೀಲ ಹೊತ್ತು ತಂದಳು. ಹೊಸಬರಿಗೆ ಹಾಕಿಕೊಳ್ಳಲು ಕೊಡುವ ದಪ್ಪ ಬಿಳಿ ಜಾಕೆಟ್ಟುಗಳು.

"ಅಜ್ಜಿ, ವಾಸ್ನೆ ತಡೆಯಕ್ಕಾಗಲ್ಲ. ಮೆಷೀನಿಗೆ ಹಾಕ್ತೀಯಾ? ಬರೀ ಒಗೆಯೋದು ಅಷ್ಟೇ, ಇನ್ನೇನೂ ಮಾಡಬೇಡ. ನಂಗೆ ನಾಳೆ ಡೆಡ್‌ಲೈನು."

ಒಗೆದೆ. ಚಿಕ್ಕ ಚೀಲದಲ್ಲಿ ಮೂರೇ ಜಾಕೆಟ್ಟುಗಳಿದ್ದವು. ಮೂರರ ಕಂಕುಳಲ್ಲೂ ಕಿರುಬೆರಳು ತೂರುವಷ್ಟು ತೂತು. ಆ ತೂತಿನ ಬಾಯಿಗೆ ಯಾರೋ ಕೆಂಪು ಉಣ್ಣೆಯಲ್ಲಿ ಒರಟಾಗಿ ಒಂದು ಗಂಟು ಹಾಕಿದ್ದರು. ಪಾಪ, ಸೂಜಿ ಹಿಡಿಯಲು ಬಾರದ ಯಾರೋ ಹುಡುಗ ಹೊಲಿಯಲು ಹೋಗಿರಬೇಕು ಅಂದುಕೊಂಡೆ. ಮೂರು ಗಂಟುಗಳನ್ನೂ ಕತ್ತರಿಸಿ ಎಸೆದೆ. ನಮ್ಮವರ ಹಳೆಯ ಬಿಳಿ ಅಂಗಿಯೊಂದನ್ನು ಕತ್ತರಿಸಿ, ಜಾಕೆಟ್ಟಿನ ಒಳಪದರ ಬಿಚ್ಚಿ, ಎರಡು ಪದರಗಳ ನಡುವೆ ತೇಪೆ ಇಟ್ಟು ರಫೂ ಮಾಡಿದೆ. ಮೂರನೆಯದು ಮೆಷೀನಿನಿಂದ ಒಳಮೈ ಹೊರಗಾಗಿಯೇ ಬಂದಿತ್ತು. ಹಾಗೆಯೇ ಮಡಿಲಲ್ಲಿ ಹರಡಿಕೊಂಡು, ರೇಡಿಯೋ ಕೇಳುತ್ತ ಹೊಲಿದೆ. ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಮಡಿಸಿ ಒಂದೇ ಚೀಲಕ್ಕೆ ತುಂಬಿದೆ. ಯಾರಿಗೂ ಹೇಳಲಿಲ್ಲ. ಮಾಡಿದ ಉಪಕಾರವನ್ನು ಸಾರಬಾರದೆಂದು ನನ್ನ ಅಮ್ಮ ಕಲಿಸಿದ್ದರು.

ಮಾರ್ಚಿನ ಎರಡನೆಯ ಶನಿವಾರ ಕೀತ್ ಊರುಗೋಲು ಹಿಡಿದು ಬಂದ. ಅಂದು ಮ್ಯಾಂಚೆಸ್ಟರ್ ಕಡೆಯ ಕ್ಲಬ್ಬಿನವರೂ ಬಂದಿದ್ದರು, ಸ್ನೇಹದ ಪಂದ್ಯಗಳಿದ್ದವು. ದಾವಣಗೆರೆಯಿಂದ ಎಂ.ಎಸ್ಸಿ. ಓದಲು ಬಂದಿದ್ದ ಸುಚೇತಾ ಎಂಬ ಸಣಕಲು ಹುಡುಗಿಗೆ ಅದು ಮೊದಲ ದಿನ. ಕ್ಲಬ್ಬಿನ ಜಾಕೆಟ್ಟು ಅವಳಿಗೆ ಮಂಡಿಯವರೆಗೆ ಇಳಿಯುತ್ತಿತ್ತು. ಮೇಧಾ ತನ್ನ ಸ್ವಂತ ಜಾಕೆಟ್ಟನ್ನು ಬಿಚ್ಚಿ ಅವಳಿಗೆ ತೊಡಿಸುವುದನ್ನು ನೋಡಿದೆ.

"ಇದು ನಿಂಗೆ ಸರಿಯಾಗತ್ತೆ. ನಾನು ಕ್ಲಬ್ಬಿಂದು ಹಾಕ್ಕೋತೀನಿ ಬಿಡು."

"ಅಯ್ಯೋ, ಬ್ಯಾಡ ಅಕ್ಕ, ನಿಮಗೆ?"

"ಹಾಕ್ಕೊಳೇ ಸುಮ್ನೆ."

ನನಗೆ ಹೆಮ್ಮೆಯೆನಿಸಿತು. ಈಗ ನೆನೆದರೆ ಮೈ ತಣ್ಣಗಾಗುತ್ತದೆ.

ಮೇಧಾಳ ಎದುರಾಳಿ ಗೌರವ್, ಅಲ್ಲಿನ ಮೀಡಿಯಾಸಿಟಿಯ ಟಿವಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ಬೆಂಗಳೂರಿನ ಎತ್ತರದ ಹುಡುಗ. ಮುಖ ಕಾಯುವ ತಂತಿಬಲೆಯ ಮಾಸ್ಕ್ ಹಾಕಿಕೊಳ್ಳುವ ಮುಂಚೆ ಅವನು ಅಲ್ಲಿಂದಲೇ ಕೂಗಿದ: "ಏನ್ ಮೇಧಾ, ಇವತ್ತೂ ಬರೀ ಪ್ರದಕ್ಷಿಣೆನಾ? ಕೊನೇಲಿ ಪ್ರಸಾದ ಆದ್ರೂ ಕೊಡ್ತೀಯಾ?"

"ಕೊಡ್ತೀನಿ ಬಾ. ಎದೆಗೇ ಕೊಡ್ತೀನಿ."

ಎಲ್ಲರೂ ನಕ್ಕರು. ವೃತ್ತದಲ್ಲಿ ಕತ್ತಿಗಳು ಕೂಡಿದವು. ಎರಡು ಚಮಚಗಳನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಿದಂಥ ಸದ್ದು.

ಕೀತ್ ನನ್ನ ಪಕ್ಕದಲ್ಲಿ ಟೀ ಲೋಟ ಹಿಡಿದು ಕೂತ. ಜಾಕೆಟ್ಟುಗಳು ಇಷ್ಟು ಶುಭ್ರವಾಗಿ ಎಂದೂ ಇರಲಿಲ್ಲ ಎಂದು ಹೊಗಳಿದ. ಆಮೇಲೆ ಹುಬ್ಬು ಗಂಟಿಕ್ಕಿ, ಜಾಕೆಟ್ಟುಗಳನ್ನು ತೂಗುಹಾಕಿದ್ದ ಗೋಡೆಯ ಕಡೆ ನೋಡಿದ.

"ಒಂದು ಲೆಕ್ಕ ಸಿಗುತ್ತಿಲ್ಲ ಸೀತಾ. ನಮ್ಮಲ್ಲಿ ಒಳ್ಳೆಯವು ಹತ್ತು. ನಾನಿಲ್ಲದಾಗ ವುಲ್ವರ್‌ಹ್ಯಾಂಪ್ಟನ್‌ ಕ್ಲಬ್ಬಿನವರು ನಾಲ್ಕನ್ನು ಎರವಲು ಒಯ್ದಿದ್ದಾರಂತೆ. ಆರು ಉಳಿಯಬೇಕು. ಇಲ್ಲಿ ಒಂಬತ್ತಿವೆ."

"ಮೂರು ಜಾಸ್ತಿ," ಎಂದೆ.

"ಕೆಂಪು ಉಣ್ಣೆಯ ಮೂರನ್ನು ನೀವು ಎಸೆದಿರಿ ತಾನೆ? ಎಸೆಯಲೆಂದೇ ಬೇರೆ ಚೀಲದಲ್ಲಿಟ್ಟಿದ್ದೆ."

ನನ್ನ ಕೈಯ ಲೋಟದಿಂದ ಟೀ ಸೆರಗಿನ ಮೇಲೆ ತುಳುಕಿತು. "ಕೆಂಪು ಉಣ್ಣೆ ಅಂದರೆ ಏನು ಕೀತ್?"

"ಅಂದರೆ ಸತ್ತ ಜಾಕೆಟ್ಟು. ಇದು ಸಾಮಾನ್ಯ ಬಟ್ಟೆಯಲ್ಲ. ಕತ್ತಿ ಬಾಗುವುದು ಸರಿ, ಆದರೆ ಎಂದಾದರೂ ಒಂದು ದಿನ ಮುರಿಯುತ್ತದೆ. ಮುರಿದ ತುದಿಗೆ ರಬ್ಬರ್ ಇರುವುದಿಲ್ಲ, ಸೂಜಿಯ ಹಾಗಿರುತ್ತದೆ. ಹಿಡಿದವನ ಕೈ ಆಗಲೇ ಮುಂದಕ್ಕೆ ನುಗ್ಗಿಯಾಗಿರುತ್ತದೆ. ಆಗ ಈ ಬಟ್ಟೆಯೊಂದೇ ತಡೆಯುವುದು. ಒಮ್ಮೆ ತೂತಾದರೆ ಯಾವ ದರ್ಜಿಯೂ ಅದನ್ನು ಸರಿಮಾಡಲಾರ. ಅದಕ್ಕೇ ಗಂಟು ಹಾಕುತ್ತೇನೆ, ಯಾರೂ ತಪ್ಪಿ ತೊಡದಿರಲಿ ಎಂದು."

ವೃತ್ತದಲ್ಲಿ ಮೇಧಾ ತೋಳು ಚಾಚಿ ನಿಂತಿದ್ದಳು. ಶಾಸ್ತ್ರ ಹೇಳಿದ ಹಾಗೆಯೇ, ಭುಜದಿಂದ ನೇರಕ್ಕೆ. ಗೌರವ್ ಪಕ್ಕಕ್ಕೆ ಒಂದು ಹೆಜ್ಜೆ ಸರಿದು ತನ್ನ ಮೊನೆಯನ್ನು ಅವಳ ತೋಳಿನ ಕೆಳಗೆ ಇಳಿಸಿದ. ಅದು ಅವಳ ಕಂಕುಳಿಗೆ ತಾಗಿತು, ಉಕ್ಕು ಬಿಲ್ಲಿನ ಹಾಗೆ ಬಾಗಿತು, ಮತ್ತೆ ನೆಟ್ಟಗಾಯಿತು. ಯಾರೋ ಚಪ್ಪಾಳೆ ತಟ್ಟಿದರು. ಇಬ್ಬರೂ ಮತ್ತೆ ತಮ್ಮ ತಮ್ಮ ತುದಿಗೆ ಹೋಗಿ ನಿಂತರು.

ನಾನು ಬಾಯಿ ತೆರೆದೆ. ಧ್ವನಿ ಬರಲಿಲ್ಲ. ಈ ದೇಶಕ್ಕೆ ಬಂದು ನಲವತ್ತಾರು ವರ್ಷ. ಬಸ್ಸಿನಲ್ಲಿ ಕಾಲು ತುಳಿದವರಿಗೂ ನಾನೇ ಸಾರಿ ಹೇಳಿದವಳು. ಇಪ್ಪತ್ತು ಜನರ ಮುಂದೆ, ನಡೆಯುತ್ತಿರುವ ಪಂದ್ಯದ ನಡುವೆ ಕೂಗುವುದು ಹೇಗೆಂದು ನನ್ನ ಗಂಟಲಿಗೆ ಗೊತ್ತಿರಲಿಲ್ಲ. ಆ ಒಂದು ಕ್ಷಣದ ಸಂಕೋಚವನ್ನು ನಾನು ಈಗಲೂ ಕ್ಷಮಿಸಿಕೊಂಡಿಲ್ಲ. ಗೌರವ್‌ನ ಮೊನೆ ಮತ್ತೆ ಕೆಳಗಿಳಿಯತೊಡಗಿತು.

"ಹಾಲ್ಟ್!"

ಅದು ನನ್ನದೇ ಧ್ವನಿ ಎಂದು ತಿಳಿಯಲು ನನಗೇ ಹೊತ್ತು ಹಿಡಿಯಿತು. ಎರಡು ಕತ್ತಿಗಳೂ ನೆಲ ನೋಡಿದವು. ಯಾರೂ ನಗಲಿಲ್ಲ. ನಾನು ಹೋಗಿ ಮೇಧಾಳ ಕಂಕುಳಲ್ಲಿ ಬೆರಳಿಟ್ಟೆ. ಅಲ್ಲಿತ್ತು. ಸೂಜಿಯ ದಾರಿ ನನಗೆ ಮಾತ್ರ ತಿಳಿಯುವಷ್ಟು ನಯವಾಗಿ.

ಜಾಕೆಟ್ಟನ್ನು ಬಿಚ್ಚಿಸಿದ ಕೀತ್, ಸ್ಕೋರು ಬರೆಯುತ್ತಿದ್ದ ಪೆನ್ಸಿಲನ್ನು ಅಲ್ಲಿ ಒತ್ತಿದ. ಪೆನ್ಸಿಲ್ ಆಚೆ ಬದಿಗೆ ಸಲೀಸಾಗಿ ಹೊರಬಂತು. ಗೌರವ್ ಮಾಸ್ಕ್ ತೆಗೆದು ಗೋಡೆಗೆ ಒರಗಿ ಕೂತುಬಿಟ್ಟ. ಮೇಧಾಳ ಕಂಕುಳ ಕೆಳಗೆ ನಾಣ್ಯದಗಲ ನೀಲಿ ಕಲೆ ಮೂಡಿತ್ತು.

"ಅಜ್ಜಿ, ನಾನು ಹೇಳಿದ್ನಲ್ಲ, ಬರೀ ಒಗೆಯೋದು ಅಂತ," ಎಂದಳು. ಬೈಯುತ್ತಿರಲಿಲ್ಲ.

ಉಳಿದ ಎಂಟನ್ನೂ ತಂದು ನನ್ನ ಮುಂದೆ ಹಾಕಿದರು. ನೋಡುವ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹೊಲಿದ ಮೂರೂ ಬಲಗಂಕುಳೆಂದೇ ನನ್ನ ನೆನಪು. ಒಂದೊಂದೇ ಜಾಕೆಟ್ಟಿನ ಬಲಗಂಕುಳಲ್ಲಿ ಬೆರಳಾಡಿಸಿದೆ. ಐದನೆಯದರಲ್ಲಿ ಎರಡನೆಯ ತೇಪೆ ಸಿಕ್ಕಿತು. ಮೂರನೆಯದು ಸಿಗಲಿಲ್ಲ. ಮತ್ತೆ ಮೊದಲಿನಿಂದ ನೋಡಿದೆ. ಇಲ್ಲ.

"ಹಾಗಾದರೆ ವುಲ್ವರ್‌ಹ್ಯಾಂಪ್ಟನ್‌ನಲ್ಲಿದೆ," ಎಂದ ಕೀತ್. "ಅವರ ಪಾಠ ನಾಳೆ ಬೆಳಿಗ್ಗೆ ಹನ್ನೊಂದಕ್ಕೆ."

ಫೋನಿಗೆ ಯಾರೂ ಸಿಗಲಿಲ್ಲ, ಸಂದೇಶ ಬಿಟ್ಟ. ಸಂಜೆ ಉತ್ತರ ಬಂತು. ಮೇಧಾ ಅದನ್ನು ನನಗೆ ಓದಿ ಹೇಳಿದಳು. ನಾಲ್ಕನ್ನೂ ಎರಡೆರಡು ಸಲ ನೋಡಿದ್ದೇವೆ, ಒಂದರಲ್ಲೂ ತೂತಿಲ್ಲ, ತೇಪೆಯೂ ಇಲ್ಲ, ಚಿಂತೆ ಬೇಡ ಎಂದಿತ್ತು. ತೂತು ಕಂಡಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ. 'ತೊಡಬೇಡಿ' ಎಂದು ಕೀತ್ ಮತ್ತೊಮ್ಮೆ ಸಂದೇಶ ಕಳಿಸಿದ. ಅದನ್ನು ಯಾರೂ ತೆರೆದು ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಹೊರಟೆವು. ಮಂಡಿಯ ಕಾರಣ ಕೀತ್ ಕಾರು ಓಡಿಸುವಂತಿರಲಿಲ್ಲ, ಮೇಧಾಳೇ ಅವನ ಹಳೆಯ ಕಾರನ್ನು ಓಡಿಸಿದಳು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೆಂಪು ಉಣ್ಣೆಯ ಉಂಡೆ ಮತ್ತು ದಬ್ಬಣ. ಮೋಟರ್‌ವೇ ಮೇಲೆ ಮಂಜು ಕವಿದಿತ್ತು. ಮುಂದಿನ ಲಾರಿಯ ಹಿಂಬದಿಯ ದೀಪಗಳು ಮಾತ್ರ ಕಾಣುತ್ತಿದ್ದವು, ಎರಡು ಕೆಂಪು ಗಂಟುಗಳ ಹಾಗೆ. ಎಲ್ಲೋ ಅಪಘಾತವಾಗಿ ಒಂದು ಗಂಟೆ ನಿಂತಲ್ಲೇ ನಿಂತೆವು. ಹತ್ತೂವರೆ. ಹತ್ತೂ ಮುಕ್ಕಾಲು. ಕೀತ್ ಹಿಂದಕ್ಕೆ ಕೈ ಚಾಚಿ ನನಗೊಂದು ಪೆಪ್ಪರ್‌ಮಿಂಟ್ ಕೊಟ್ಟ. ತಾನೂ ಒಂದು ಬಾಯಿಗೆ ಹಾಕಿಕೊಂಡ.

ಒಂದು ಶಾಲೆಯ ಜಿಮ್. ನಾವು ಒಳಗೆ ಹೋದಾಗ ಹನ್ನೊಂದೂ ಇಪ್ಪತ್ತು. ಬೆಂಚಿನ ಮೇಲೆ ನಮ್ಮ ಜಾಕೆಟ್ಟುಗಳು ಮೂರು ಬಿದ್ದಿದ್ದವು. ಕೋಟೂ ಬಿಚ್ಚದೆ ಅವುಗಳ ಬಲಗಂಕುಳನ್ನು ಮುಟ್ಟಿ ನೋಡಿದೆ. ಒಂದು, ಇಲ್ಲ. ಎರಡು, ಇಲ್ಲ. ಮೂರು, ಇಲ್ಲ.

ನಾಲ್ಕನೆಯದು ವೃತ್ತದೊಳಗಿತ್ತು. ಯಾರೋ ಗಿಡ್ಡನೆಯ ಹುಡುಗಿ, ಮಾಸ್ಕಿನ ಕೆಳಗಿನಿಂದ ಉದ್ದನೆಯ ಜಡೆ ಇಳಿದಿತ್ತು. ಅವಳ ಎದುರಿನ ಗಂಡಸಿಗೆ ಶಾಸ್ತ್ರದ ಗೊಡವೆಯಿದ್ದ ಹಾಗಿರಲಿಲ್ಲ, ವ್ಯಾಸದ ಮೇಲೆಯೇ ನುಗ್ಗುತ್ತಿದ್ದ. ಪ್ರತಿ ಸಲವೂ ಅವನ ಕತ್ತಿ ಬೇಕಾದ್ದಕ್ಕಿಂತ ಹೆಚ್ಚು ಬಾಗುತ್ತಿತ್ತು.

ಈ ಸಲ ನನ್ನ ಗಂಟಲು ಕಾಯಲಿಲ್ಲ. "ಹಾಲ್ಟ್!" ಎಂದೆ. ಜಿಮ್ಮಿನ ಗೋಡೆಗಳು ಅದನ್ನು ನನಗೇ ಹಿಂದಿರುಗಿಸಿದವು.

ಎಲ್ಲರೂ ನಿಂತರು. ನಾನು ವೃತ್ತದೊಳಕ್ಕೆ ನಡೆದೆ. ಹುಡುಗಿ ಮಾಸ್ಕ್ ಎತ್ತಿದಳು. ಇಪ್ಪತ್ತೆರಡು ವರ್ಷವಿರಬಹುದು, ಬೆವರಿದ ಮುಖ, ಮೂಗಿನಲ್ಲಿ ಸಣ್ಣ ಮೂಗುತಿ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ಸೀರೆಯ ಮೇಲೆ ದಪ್ಪ ಕೋಟು ತೊಟ್ಟ ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಮೃದುವಾಗಿ ಕೇಳಿದಳು: "ಏನಾಯಿತು ಆಂಟೀಜಿ? ಹುಷಾರಾಗಿದ್ದೀರಾ? ಕೂರುತ್ತೀರಾ?"

"ನಿನ್ನ ಕೈ ಎತ್ತಮ್ಮ," ಎಂದೆ. ಕನ್ನಡದಲ್ಲಿಯೇ ಅಂದೆನೇನೋ. ನಾನೇ ಅವಳ ಬಲಗೈ ಹಿಡಿದು ಎತ್ತಿದೆ. ಬೆರಳಾಡಿಸಿದೆ. ಹೊಲಿಗೆಯ ಜಾಡಿಲ್ಲ. ಮತ್ತೊಮ್ಮೆ ನೋಡಿದೆ. ಬಟ್ಟೆ ಕಾರ್ಖಾನೆಯಿಂದ ಬಂದ ಹಾಗೆಯೇ ಇತ್ತು.

ಇಪ್ಪತ್ತು ಕಣ್ಣುಗಳು ನನ್ನ ಮೇಲಿದ್ದವೋ, ಮೂವತ್ತೋ. ಹಾಗಾದರೆ ಮೂರನೆಯದು ಎಲ್ಲಿ? ಬಾಗಿಲ ಬಳಿ ಊರುಗೋಲಿಗೆ ಒರಗಿ ನಿಂತಿದ್ದ ಕೀತನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಸಾರಿ," ಎಂದೆ. "ಸಾರಿ, ನಿಮ್ಮ ಆಟ ಕೆಡಿಸಿದೆ."

"ಅಯ್ಯೋ, ಪರವಾಗಿಲ್ಲ," ಎಂದಳು ಹುಡುಗಿ. ನನ್ನ ಪೆಚ್ಚು ಮುಖ ನೋಡಿ ಏನನ್ನಿಸಿತೋ, ನಕ್ಕಳು. "ನನ್ನ ಹೆಸರು ಹರ್‌ಪ್ರೀತ್. ನಾನು ಎಡಗೈಯವಳು ಆಂಟೀಜಿ. ಬೇಕಾದರೆ ಇದನ್ನೂ ನೋಡಿಬಿಡಿ, ನಿಮಗೂ ಸಮಾಧಾನ." ಕತ್ತಿಯನ್ನು ಬಲಗೈಗೆ ಬದಲಾಯಿಸಿಕೊಂಡು, ನಾನು ಕೇಳದೆಯೇ ಎಡತೋಳನ್ನು ಮೇಲಕ್ಕೆತ್ತಿದಳು.

ಆಗ ನನಗೆ ರೇಡಿಯೋ ನೆನಪಾಯಿತು, ಮಡಿಲು ನೆನಪಾಯಿತು. ಒಳಮೈ ಹೊರಗಾದ ಜಾಕೆಟ್ಟು. ಒಳಗು ಹೊರಗಾದರೆ ಎಡ ಬಲವಾಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಯಾರೋ ಎಡಗೈಯವನು ಹರಿದುಕೊಂಡ ಜಾಕೆಟ್ಟು. ಈ ಮೂರನೆಯದಕ್ಕಾಗಿ ನಾನು ನಿನ್ನೆಯಿಂದ ಮುಟ್ಟಿ ನೋಡಿದ್ದೆಲ್ಲ ತಪ್ಪು ಕಂಕುಳು.

ಅವಳ ಎಡಗಂಕುಳಿಗೆ ಬೆರಳಿಟ್ಟೆ. ತೇಪೆಯ ಅಂಚು ಬೆರಳಿಗೆ ಸಿಕ್ಕಿತು. ನಮ್ಮವರ ಅಂಗಿಯ ಮೆತ್ತನೆ ಬಟ್ಟೆ, ನನ್ನ ಅತ್ಯುತ್ತಮ ರಫೂ. ಅದರ ಕೆಳಗೆ ಹರ್‌ಪ್ರೀತಳ ಎದೆ ವೇಗವಾಗಿ ಏರಿಳಿಯುತ್ತಿತ್ತು.

ಹಿಂದಿನಿಂದ ಟಣ್ ಎಂದು ಸಣ್ಣ ಸದ್ದಾಯಿತು. ಕಾಯುತ್ತ ನಿಂತಿದ್ದ ಎದುರಾಳಿ, ಬಾಗಿಹೋಗಿದ್ದ ತನ್ನ ಕತ್ತಿಯನ್ನು ಪಾದದಡಿ ಒತ್ತಿ ನೆಟ್ಟಗೆ ಮಾಡಲು ಹೋಗಿದ್ದ. ರಬ್ಬರ್ ತುದಿ ಇದ್ದ ಒಂದು ಗೇಣು ಉಕ್ಕು ನೆಲದ ಮೇಲೆ ಉರುಳಿ ನನ್ನ ಚಪ್ಪಲಿಯ ಹತ್ತಿರ ಬಂದು ನಿಂತಿತು. ಅವನ ಕೈಯಲ್ಲಿ ಉಳಿದದ್ದರ ತುದಿಯನ್ನು ನಾನು ನೋಡಲಿಲ್ಲ.

"ಕೈ ಇಳಿಸಬೇಡಮ್ಮ," ಎಂದೆ ಹರ್‌ಪ್ರೀತಳಿಗೆ. "ಒಂದು ನಿಮಿಷ ಹಾಗೇ ಇರು." ಮೇಧಾ ದಬ್ಬಣಕ್ಕೆ ಕೆಂಪು ಉಣ್ಣೆ ಪೋಣಿಸಿ ನನ್ನ ಕೈಗೆ ಕೊಟ್ಟಳು. ಎಷ್ಟು ಒರಟಾಗಿ ಸಾಧ್ಯವೋ ಅಷ್ಟು ಒರಟಾಗಿ, ದೂರದ ಬಾಗಿಲಿಗೂ ಕಾಣುವ ಹಾಗೆ, ಅಲ್ಲಿ ಗಂಟು ಹಾಕಿದೆ.